ದುಡಿಯ ಪೆಟ್ಟಿಗೊಂದು ಮುಕ್ತ ಡ್ರಮ್‌ಕಿಟ್: ಕಾಫಿ ಗೋದಾಮಿನ ಕೆಲಸದ ದಾಖಲೆ

ಹೈಡ್ರೋಜನ್ ಎಂಬ ಮುಕ್ತ ತಂತ್ರಾಂಶಕ್ಕೆ ತಾಳವಾದ್ಯದ ಬಿಡಿ ಪೆಟ್ಟುಗಳನ್ನು ಕೊಟ್ಟರೆ ಸಾಕು, ಅವುಗಳಿಂದ ಒಂದು ಹಾಡಿನ ಪೂರ್ತಿ ಹಿಮ್ಮೇಳವನ್ನೇ ಹೆಣೆಯಬಹುದು. ಒಂದು ವಾದ್ಯದ ಪೆಟ್ಟುಗಳೆಲ್ಲ ಸೇರಿದ ಕಟ್ಟಿಗೆ ಅಲ್ಲಿ ಡ್ರಮ್‌ಕಿಟ್ ಎಂದು ಹೆಸರು. ತಂತ್ರಾಂಶದ ಜೊತೆಗೇ ಬರುವ ಕಿಟ್‌ಗಳು ರಾಕ್ ಸಂಗೀತದ ಡ್ರಮ್ ಸೆಟ್ಟಿನವು, ಹಳೆಯ ಡ್ರಮ್ ಯಂತ್ರದವು. ದುಡಿ ಅವುಗಳಲ್ಲಿ ಇಲ್ಲ. ನಾನು ಹುಡುಕಿದ ಬೇರೆ ಸಂಗ್ರಹಗಳಲ್ಲೂ ಸಿಗಲಿಲ್ಲ. ಹಾಗಾಗಿ ನಾವೇ ಮಾಡಲು ಹೊರಟೆವು. ಎಲ್ಲಿ ಧ್ವನಿಮುದ್ರಿಸಿದೆವು, ಹೇಗೆ ಕತ್ತರಿಸಿದೆವು, ಯಾರನ್ನು ಏನು ಕೇಳಿದೆವು, ಆಮೇಲೆ ಆ ಕಿಟ್ ಹಿಡಿದು ದೂರದವರ ಜೊತೆ ಸಂಗೀತ ಮಾಡಲು ಕೊಡಗಿನ ನೆಟ್‌ವರ್ಕಿನಲ್ಲಿ ಯಾವ ದಾರಿ ಹಿಡಿದೆವು ಎಂಬುದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ಕೊಡಗಿನ ಹೊರಗಿನವರಿಗಾಗಿ ಒಂದು ಮಾತು. ದುಡಿ ಎಂದರೆ ನಡು ಸಣ್ಣಗಿರುವ ಪುಟ್ಟ ಚರ್ಮವಾದ್ಯ. ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ತೆಳು ಕೋಲಿನಿಂದ ಬಾರಿಸುತ್ತಾರೆ. ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ, ಮದುವೆಮನೆಯಲ್ಲಿ ನಾಲ್ವರು ಸೇರಿ ಪಾಟ್ ಎಂಬ ಸಾಂಪ್ರದಾಯಿಕ ಹಾಡನ್ನು ಹಾಡುವಾಗ ನಾಲ್ವರ ಕೈಯಲ್ಲೂ ದುಡಿ ಇರುತ್ತದೆ. ಇಬ್ಬರು ಒಂದು ಸಾಲು ಎತ್ತಿದರೆ ಮಿಕ್ಕ ಇಬ್ಬರು ಮುಂದಿನದನ್ನು ಹಿಡಿಯುತ್ತಾರೆ. ನಮ್ಮ ಕಿಟ್‌ನಲ್ಲಿ ಒಂದಲ್ಲ, ನಾಲ್ಕು ದುಡಿಗಳಿರಬೇಕು ಎಂದು ಆರಂಭದಲ್ಲೇ ತೀರ್ಮಾನಿಸಿದ್ದು ಈ ಕಾರಣಕ್ಕೆ.

ಮೊದಲು ಅನುಮತಿ

ಮೈಕ್ ಕೈಗೆತ್ತಿಕೊಳ್ಳುವ ಮೊದಲು ಮುಗಿಯಬೇಕಾದ ಕೆಲಸ ಇದು. ಅನುಮತಿಯೆಂದರೆ ಕೊನೆಯಲ್ಲಿ ಹಾಕಿಸಿಕೊಳ್ಳುವ ಸಹಿ ಎಂದು ತಿಳಿದವರು ಬಹಳ ಮಂದಿ ಇದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಮೈಕಿನಷ್ಟೇ ಮುಖ್ಯವಾದ ಸಲಕರಣೆ. ಯಾವುದನ್ನು ಮುದ್ರಿಸಬೇಕು, ಯಾವುದನ್ನು ಮುದ್ರಿಸಬಾರದು ಎಂಬುದು ಅಲ್ಲಿಯೇ ನಿರ್ಧಾರವಾಗುತ್ತದೆ.

ನಾಪೋಕ್ಲು ಕಡೆಯ ನಾಲ್ವರು ದುಡಿ ನುಡಿಸಲು ಒಪ್ಪಿದ್ದರು. ಅವರಲ್ಲಿ ಹಿರಿಯರಾದ ಅಜ್ಜನ ಮನೆಯ ಜಗಲಿಯಲ್ಲಿ ಕುಳಿತು, ನಮ್ಮ ಕೃತಿಯನ್ನು ಬೇರೆಯವರು ಹೇಗೆ ಬಳಸಬಹುದೆಂದು ಹೇಳುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳನ್ನು ಒಂದೊಂದಾಗಿ ವಿವರಿಸಿದೆ. ಸಿಸಿ0 ಎಂದರೆ ಯಾವ ಷರತ್ತೂ ಇಲ್ಲ, ಹೆಸರನ್ನೂ ಹಾಕಬೇಕಾಗಿಲ್ಲ. ಬಿವೈ ಎಂದರೆ ಯಾರು ಬೇಕಾದರೂ ಬಳಸಬಹುದು, ಆದರೆ ಮಾಡಿದವರ ಹೆಸರು ಹೇಳಲೇಬೇಕು. ಎನ್‌ಸಿ ಸೇರಿಸಿದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಕೇಳಿದವರಿಗೆಲ್ಲ ಮೊದಲು ಹಿಡಿಸುವುದು ಈ ಮೂರನೆಯದೇ. ಆದರೆ ಅದನ್ನು ಹಾಕಿದ ಕಿಟ್ ಡೆಬಿಯನ್‌ನಂಥ ಮುಕ್ತ ಲಿನಕ್ಸ್ ವಿತರಣೆಗಳ ಮುಖ್ಯ ಭಂಡಾರಕ್ಕೆ ಸೇರುವುದಿಲ್ಲ. ಯಾವ ಕ್ಷೇತ್ರದ ಬಳಕೆಗೂ ತಡೆ ಇರಬಾರದು ಎಂಬುದು ಡೆಬಿಯನ್ನಿನ ನಿಯಮಗಳಲ್ಲೊಂದು. ಊರಿನ ಮದುವೆಗೆ ಸಂಗೀತ ಹೊಂದಿಸಿ ನಾಲ್ಕು ಕಾಸು ಪಡೆಯುವ ಹುಡುಗನಿಗೂ ಆ ಕಿಟ್ ಮುಟ್ಟುವ ಹಕ್ಕು ಇರುವುದಿಲ್ಲ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕಿತ್ತು. "ಅಜ್ಜ, ಒಮ್ಮೆ ಬಿಟ್ಟುಕೊಟ್ಟರೆ ಮತ್ತೆ ಹಿಂದಕ್ಕೆ ಪಡೆಯಲು ಆಗುವುದಿಲ್ಲ. ಯಾವುದೋ ದೇಶದಲ್ಲಿ ಯಾರೋ ಸಿನಿಮಾಕ್ಕೆ ಹಾಕಿಕೊಂಡರೂ ನಾವು ತಡೆಯುವಂತಿಲ್ಲ. ನಿಮ್ಮ ಹೆಸರು ಹಾಕಿ ಎಂದಷ್ಟೇ ಕೇಳಬಹುದು" ಎಂದೆ. ಅವರು ಉಳಿದ ಮೂವರ ಮುಖ ನೋಡಿ, ಸ್ವಲ್ಪ ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಂಡು ಹೇಳಿದರು: "ಪೆಟ್ಟು ಬೇಕಾದರೆ ಯಾರು ಬೇಕಾದರೂ ತೆಗೆದುಕೊಳ್ಳಲಿ. ಪಾಟ್ ಮನೆಯದ್ದು. ಅದು ಇಲ್ಲೇ ಇರಲಿ."

ಈ ಒಂದು ಮಾತು ಇಡೀ ಯೋಜನೆಯ ಎಲ್ಲೆಯನ್ನು ಗೆರೆ ಎಳೆದಂತೆ ತೋರಿಸಿತು. ಬಿಡಿ ಪೆಟ್ಟುಗಳಿಗೆ ಬಿವೈ 4.0 ಪರವಾನಗಿ, ನಾಲ್ವರ ಹೆಸರೂ ಕಿಟ್‌ನ ಒಳಗೇ. ಅವರು ಹಾಡಿದ್ದನ್ನು ಮುದ್ರಿಸಿದ ಕಡತಗಳು ಮನೆಯವರ ಪೆನ್‌ಡ್ರೈವ್‌ಗೆ ಮಾತ್ರ, ಯೋಜನೆಯ ಭಂಡಾರಕ್ಕೆ ಅಲ್ಲ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಬರೆದು, ಓದಿ ಹೇಳಿ, ಪ್ರತಿ ಮನೆಗೂ ಒಂದು ಪ್ರತಿ ಕೊಟ್ಟೆ.

ಗೋದಾಮು ಸ್ಟುಡಿಯೊ ಆದ ಬಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಧ್ವನಿಮುದ್ರಣದ ಮಾತೇ ಬೇಡ. ಹೆಂಚಿನ ಮೇಲಾಗಲಿ ತಗಡಿನ ಮೇಲಾಗಲಿ ಮಳೆ ಬೀಳುತ್ತಿದ್ದರೆ ಯಾವ ಮೈಕೂ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ತೇವಕ್ಕೆ ಚರ್ಮ ಸಡಿಲಾಗಿ ದುಡಿಯ ದನಿಯೇ ಕೆಳಗಿಳಿಯುತ್ತದೆ. ಒಲೆಯ ಶಾಖಕ್ಕೆ ಹಿಡಿದು ಬಿಗಿ ಮಾಡಿಕೊಂಡರೂ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಇಳಿಯುತ್ತದೆ. ಬೆಳಿಗ್ಗೆಯ ಪೆಟ್ಟಿಗೂ ಮಧ್ಯಾಹ್ನದ ಪೆಟ್ಟಿಗೂ ಶ್ರುತಿ ಕೂಡದಿದ್ದರೆ ಕಿಟ್ ಕಟ್ಟಲಾಗದು. ಆದ್ದರಿಂದ ಪುತ್ತರಿ ಕಳೆದ ಮೇಲಿನ ಒಣ ದಿನಗಳನ್ನು ಆರಿಸಿಕೊಂಡೆವು.

ಜಾಗಕ್ಕಾಗಿ ದೂರ ಹೋಗಬೇಕಾಗಲಿಲ್ಲ. ಪರಿಚಯದ ತೋಟವೊಂದರ ಗೋದಾಮಿನಲ್ಲಿ ಒಣಗಿಸಿದ ಚೆರಿ ಕಾಫಿಯ 50 ಕಿಲೋ ಮೂಟೆಗಳು ಲಾರಿಗಾಗಿ ಕಾಯುತ್ತಿದ್ದವು. ಬರಿಯ ಸಿಮೆಂಟ್ ಗೋಡೆಗಳ ಆ ಕೋಣೆಯ ಖಾಲಿ ಮೂಲೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದರೆ ಎದುರುಬದುರು ಗೋಡೆಗಳ ನಡುವೆ ಸದ್ದು ಪಟಪಟನೆ ಪುಟಿಯುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಮೂಟೆಗಳ ನಡುವೆ ನಿಂತು ತಟ್ಟಿದಾಗ ಆ ಪುಟಿತ ಪೂರ್ತಿ ಮಾಯ. ಗೋಣಿಯ ಒರಟು ನೂಲು ಮತ್ತು ಒಳಗಿನ ಕಾಳುಗಳ ನಡುವಿನ ಸಂದುಗಳು ಏರುದನಿಯ ಅಲೆಗಳನ್ನು ಹೀರುತ್ತವೆ. ಮೂಟೆಯ ಉಬ್ಬುತಗ್ಗಿನ ಮೈ ಉಳಿದದ್ದನ್ನು ಚದುರಿಸುತ್ತದೆ. ಕೆಳದನಿಯ ಗುಡುಗನ್ನು ಅದು ಹೀರಲಾರದು. ಆದರೆ ದುಡಿಯಲ್ಲಿ ಅಂಥ ಗುಡುಗು ಇರುವುದೂ ಕಡಿಮೆ. ಮೂರು ಬದಿಯಲ್ಲಿ ಆಳೆತ್ತರಕ್ಕೆ ಮೂಟೆ ಜೋಡಿಸಿ, ನೆಲಕ್ಕೆ ಹಳೆಯ ಕಂಬಳಿ ಹಾಸಿ, ನಾಲ್ಕನೆಯ ಬದಿಯನ್ನು ತೆರೆದೇ ಬಿಟ್ಟೆವು. ಜೋಡಿಸಿದ್ದು ಮೂಟೆ ಹೊರುವ ಅಭ್ಯಾಸವಿದ್ದ ತೋಟದ ಕೆಲಸದವರು. ಆ ಎತ್ತರದ ಮೂಟೆಸಾಲು ಜಾರಿದರೆ ಅಪಾಯ, ಅದನ್ನು ಬಲ್ಲವರೇ ಕಟ್ಟಬೇಕು.

ಬೆಳಿಗ್ಗೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಓಡುತ್ತದೆ, ಸಂಜೆ ಜೀರುಂಡೆ ಶುರುವಾಗುತ್ತದೆ. ಊಟದ ನಂತರದ ಎರಡು ಗಂಟೆಗಳೇ ನಮಗೆ ಸಿಕ್ಕ ಮೌನ. ಎಲ್ಲರ ಮೊಬೈಲ್ ಆರಿಸಿದೆವು.

ಯಂತ್ರ ಮತ್ತು ಮೈಕ್

ಲ್ಯಾಪ್‌ಟಾಪ್ ಹಳೆಯದು. ಅದರಲ್ಲಿ ಉಬುಂಟು ಸ್ಟುಡಿಯೊ ಎಂಬ ಲಿನಕ್ಸ್ ವಿತರಣೆ ಇದೆ, ಆಡಿಯೊ ಕೆಲಸಕ್ಕೆ ಬೇಕಾದ ಬಹುತೇಕ ಮುಕ್ತ ತಂತ್ರಾಂಶಗಳು ಅದರಲ್ಲಿ ಮೊದಲೇ ಸೇರಿರುತ್ತವೆ. ಎರಡು ಮೈಕ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಯುಎಸ್‌ಬಿ ಇಂಟರ್‌ಫೇಸ್‌ಗೆ ಪ್ರತ್ಯೇಕ ಡ್ರೈವರ್ ಹಾಕುವ ಅಗತ್ಯ ಬರಲಿಲ್ಲ. ಯುಎಸ್‌ಬಿಯ ಸಾಮಾನ್ಯ ಆಡಿಯೊ ನಿಯಮವನ್ನು ಪಾಲಿಸುವ ಇಂಟರ್‌ಫೇಸ್‌ಗಳನ್ನು ಲಿನಕ್ಸ್ ಚುಚ್ಚಿದೊಡನೆ ಗುರುತಿಸುತ್ತದೆ. ಕೊಳ್ಳುವ ಮೊದಲು ನೋಡಬೇಕಾದದ್ದು ಇದೊಂದನ್ನೇ.

ಧ್ವನಿಮುದ್ರಣಕ್ಕೆ ಆರ್ಡರ್ ಎಂಬ ತಂತ್ರಾಂಶ ಬಳಸಿದೆ. ಪಾಲ್ ಡೇವಿಸ್ ಆರಂಭಿಸಿದ ಯೋಜನೆ ಅದು. ತಂತ್ರಾಂಶಗಳ ನಡುವೆ ಧ್ವನಿಯನ್ನು ಹರಿಸುವ ಜ್ಯಾಕ್ ಕೂಡ ಅವರದೇ ಕೆಲಸ. ಆರ್ಡರ್‌ನ ಮೂಲ ಸಂಕೇತ ಎಲ್ಲರಿಗೂ ಮುಕ್ತ. ಯೋಜನೆಯವರೇ ಸಿದ್ಧಪಡಿಸಿದ ಪ್ರತಿಗೆ ಹಣ ಕೇಳುತ್ತಾರೆ, ಲಿನಕ್ಸ್ ವಿತರಣೆಗಳ ಭಂಡಾರದಲ್ಲಿ ಉಚಿತವಾಗಿಯೂ ಸಿಗುತ್ತದೆ. ಕೈಲಾದಷ್ಟು ಕೊಟ್ಟು ಪಡೆಯುವುದೇ ಸರಿ ಎಂದು ನನಗನ್ನಿಸುತ್ತದೆ. ವರ್ಷಗಟ್ಟಲೆ ಒಂದು ತಂತ್ರಾಂಶವನ್ನು ಬದುಕಿಸಿಡುವುದು ಸಣ್ಣ ಶ್ರಮವಲ್ಲ.

ಮುದ್ರಣದ ಹೊಂದಿಕೆ 48 ಕಿಲೋಹರ್ಟ್ಸ್, 24 ಬಿಟ್: ಅಂದರೆ ಸೆಕೆಂಡಿಗೆ ಧ್ವನಿಯ 48,000 ಅಳತೆಗಳು (ಸ್ಯಾಂಪಲ್), ಪ್ರತಿ ಅಳತೆಗೂ 24 ಬಿಟ್. 24 ಬಿಟ್‌ನ ಲಾಭವೆಂದರೆ ಮಟ್ಟವನ್ನು ಕೆಂಪು ಗೆರೆಯ ತನಕ ಏರಿಸಬೇಕಾಗಿಲ್ಲ. ಅತಿ ಜೋರಿನ ಪೆಟ್ಟು ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲುವಂತೆ ಹೊಂದಿಸಿದೆ. ಚರ್ಮವಾದ್ಯದ ಪೆಟ್ಟು ಕ್ಷಣಾರ್ಧದಲ್ಲಿ ಏರುತ್ತದೆ, ಮೇಲೆ ಜಾಗ ಬಿಟ್ಟಿರಲೇಬೇಕು. ಒಂದು ಮೈಕ್ ಚರ್ಮದಿಂದ ಒಂದೂವರೆ ಗೇಣು ದೂರದಲ್ಲಿ, ನೇರಕ್ಕಲ್ಲದೆ ಸ್ವಲ್ಪ ಓರೆಯಾಗಿ. ಇನ್ನೊಂದು ಒಂದೂವರೆ ಮೀಟರ್ ಆಚೆ. ಆ ದೂರಕ್ಕೆ ಸದ್ದು ತಲುಪಲು ಸುಮಾರು 4 ಮಿಲಿಸೆಕೆಂಡು ಬೇಕು. ಎರಡನ್ನೂ ಬೆರೆಸಿದರೆ ಕೆಲವು ಕಂಪನಗಳು ಒಂದನ್ನೊಂದು ಕಡಿದು ದನಿ ಟೊಳ್ಳಾಗುತ್ತದೆ. ಹಾಗಾಗಿ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟೆ, ಕಿಟ್‌ಗೆ ಹತ್ತಿರದ್ದನ್ನು ಮಾತ್ರ ಬಳಸಿದೆ.

ಹೆಡ್‌ಫೋನಿನಲ್ಲಿ ಒಂದು ಗುಂಯ್‌ಗುಟ್ಟುವಿಕೆ ಬಿಡದೆ ಕೇಳುತ್ತಿತ್ತು. ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್ (ಯಾವ ಕಂಪನ ಎಷ್ಟಿದೆ ಎಂಬ ನಕ್ಷೆ) ನೋಡಿದರೆ 50 ಮತ್ತು 100 ಹರ್ಟ್ಸ್‌ನಲ್ಲಿ ಎರಡು ಮೊನಚು ಶಿಖರಗಳು, ಅಂದರೆ ಮನೆಯ ಕರೆಂಟಿನದೇ ಸದ್ದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿದಾಗ ಅದು ನಿಂತಿತು. ಕರೆಂಟ್ ಹೋಗುವ ಚಿಂತೆಯೂ ಅಲ್ಲಿಗೇ ಮುಗಿಯಿತು. ಕಂಪ್ಯೂಟರ್ ಧ್ವನಿಯನ್ನು ಒಂದಿಷ್ಟು ಕೂಡಿಟ್ಟುಕೊಳ್ಳುವ ಬಫರ್ ಅನ್ನು 1024 ಸ್ಯಾಂಪಲ್‌ಗೆ ಏರಿಸಿದೆ. ಮುದ್ರಿಸುವಾಗ ವಾದಕರು ತಮ್ಮ ವಾದ್ಯವನ್ನು ನೇರವಾಗಿಯೇ ಕೇಳುತ್ತಾರೆ, ಕಂಪ್ಯೂಟರಿನ 21 ಮಿಲಿಸೆಕೆಂಡು ತಡ ಯಾರಿಗೂ ತೊಡಕಲ್ಲ. ಹಳೆಯ ಯಂತ್ರಕ್ಕೆ ಉಸಿರಾಡಲು ಅಷ್ಟು ಬಿಡುವು ಸಿಕ್ಕರೆ ಧ್ವನಿ ಎಲ್ಲೂ ತುಂಡಾಗುವುದಿಲ್ಲ.

ಪ್ರತಿಯೊಬ್ಬರೂ ಬಿಟ್ಟ ಪೆಟ್ಟು, ಚರ್ಮವನ್ನು ಬೆರಳಿನಿಂದ ಅದುಮಿದ ಪೆಟ್ಟು ಎರಡನ್ನೂ ಮೆಲುವಾಗಿ, ಮಧ್ಯಮವಾಗಿ, ಜೋರಾಗಿ ಬಾರಿಸಿದರು. ಪ್ರತಿ ಪೆಟ್ಟಿನ ನಂತರ ದನಿ ಪೂರ್ತಿ ಆರುವವರೆಗೆ ಯಾರೂ ಮಿಸುಕಬಾರದು. ಹಾಡಿನ ಓಟವಿಲ್ಲದೆ ಬಿಡಿ ಪೆಟ್ಟು ಕೊಡುವುದು ವಾದಕರಿಗೆ ಬೇಸರದ ಕೆಲಸ. ಒಂದಿಷ್ಟು ಪೆಟ್ಟಿನ ನಂತರ ಕೈ ಯಾಂತ್ರಿಕವಾಗುತ್ತದೆ. ಆಗೆಲ್ಲ ನಿಲ್ಲಿಸಿ, ಅವರು ತಮ್ಮ ಪಾಡಿಗೆ ಒಂದು ಪಾಟ್ ಹಾಡಿಕೊಂಡು, ಕೈ ಪಳಗಿದ ಮೇಲೆ ಮತ್ತೆ ಕುಳಿತೆವು. ಹಾಗೆ ಹಾಡಿದ ಕೂಡಲೇ ಸಿಕ್ಕ ಪೆಟ್ಟುಗಳೇ ಎಲ್ಲಕ್ಕಿಂತ ಚೆನ್ನಾಗಿ ಬಂದಿವೆ.

ಕತ್ತರಿಸಿ ಜೋಡಿಸಿದ್ದು

ಆಡಾಸಿಟಿಯಲ್ಲಿ ಸದ್ದು ಇರುವ ಕಡೆಗಳಿಗೆ ತಾನಾಗಿಯೇ ಗುರುತು ಹಾಕುವ ಸೌಲಭ್ಯವಿದೆ. ಆ ಗುರುತುಗಳ ಪ್ರಕಾರ ಒಂದೊಂದು ಪೆಟ್ಟನ್ನೂ ಬೇರೆ ಕಡತವಾಗಿ ಹೊರತೆಗೆಯಬಹುದು. ಇಲ್ಲಿ ಎರಡು ಆಸೆಗಳನ್ನು ತಡೆದುಕೊಳ್ಳಬೇಕು. ಒಂದು, ಪ್ರತಿ ಕಡತವನ್ನೂ ನಾರ್ಮಲೈಸ್ ಮಾಡಿ ಒಂದೇ ಮಟ್ಟಕ್ಕೆ ತರುವುದು. ಹಾಗೆ ಮಾಡಿದರೆ ಮೆಲುಪೆಟ್ಟಿಗೂ ಜೋರುಪೆಟ್ಟಿಗೂ ಇದ್ದ ಅಂತರವೇ ಅಳಿಸಿಹೋಗುತ್ತದೆ. ಎರಡು, ಸದ್ದು ತಗ್ಗಿಸುವ ಶೋಧಕವನ್ನು ಧಾರಾಳವಾಗಿ ಹಾಕುವುದು. ದನಿ ಆರುವ ಬಾಲದಲ್ಲಿ ಅದು ಲೋಹದ ಕಿಣಿಕಿಣಿಯನ್ನು ಬಿಟ್ಟುಹೋಗುತ್ತದೆ. ನಾನು ಹಾಕಿದ್ದು ಕೆಳದನಿಯನ್ನು ಮಾತ್ರ ಸೋಸುವ ಒಂದು ಹೈಪಾಸ್ ಶೋಧಕ, ದನಿ ಮೆಲ್ಲಗೆ ಮಾಯವಾಗುವಂತೆ ಬಾಲಕ್ಕೊಂದು ಸಣ್ಣ ಫೇಡ್. ಅಷ್ಟೇ.

ನಾಲ್ಕು ದುಡಿ, ತಲಾ ಎರಡು ಬಗೆಯ ಪೆಟ್ಟು, ಮೂರು ಮಟ್ಟ, ಪ್ರತಿ ಮಟ್ಟಕ್ಕೂ ನಾಲ್ಕು ಪ್ರತಿ: ಒಟ್ಟು 96 ಕಡತಗಳು. ನಾಲ್ಕು ಪ್ರತಿ ಏಕೆಂದರೆ, ಒಂದೇ ಪೆಟ್ಟು ಮತ್ತೆ ಮತ್ತೆ ಬಂದರೆ ಇದು ಯಂತ್ರವೆಂದು ಕಿವಿ ಕೂಡಲೇ ಹಿಡಿಯುತ್ತದೆ. ಹೈಡ್ರೋಜನ್‌ನಲ್ಲಿ ಒಂದು ವಾದ್ಯಕ್ಕೆ ಹಲವು ಪದರಗಳನ್ನು ಕೊಟ್ಟು, ಒಂದೇ ಮಟ್ಟದ ಪದರಗಳು ಸರದಿಯ ಮೇಲೆ ಬರುವಂತೆ ಮಾಡಬಹುದು. ಇದೇ ಕಡತಗಳಿಂದ, ಯಾವ ಪೆಟ್ಟು ಯಾವಾಗ ನುಡಿಯಬೇಕೆಂದು ಹೇಳುವ ಎಸ್‌ಎಫ್‌ಜೆಡ್ ಎಂಬ ರೂಪದ ಆವೃತ್ತಿಯನ್ನೂ ಕಟ್ಟಿದೆ. ಅದು ಬರಿಯ ಪಠ್ಯ ಕಡತ, ಯಾವ ಟಿಪ್ಪಣಿ ತಂತ್ರಾಂಶದಲ್ಲೂ ತೆರೆದು ತಿದ್ದಬಹುದು. ಪೆಟ್ಟಿನ ಜೋರನ್ನು ಅಲ್ಲಿ 1ರಿಂದ 127ರವರೆಗಿನ ಅಂಕಿಯಲ್ಲಿ ಹೇಳುತ್ತಾರೆ: ಲೋವೆಲ್ (ಕನಿಷ್ಠ) 1, ಹೈವೆಲ್ (ಗರಿಷ್ಠ) 50 ಎಂದು ಬರೆದರೆ ಮೆಲುಪೆಟ್ಟು. 51ರಿಂದ 95 ಮಧ್ಯಮ. 96ರಿಂದ 127 ಜೋರು. ಸ್ಫಿಜ್ ಎಂಬ ಮುಕ್ತ ಪ್ಲಗಿನ್ ಅದನ್ನು ಆರ್ಡರ್ ಒಳಗೇ ನುಡಿಸುತ್ತದೆ.

ಕಡತಗಳ ಹೆಸರನ್ನು ರೋಮನ್ ಅಕ್ಷರದಲ್ಲೇ ಇಟ್ಟೆ. ಒಂದು ಕಾರ್ಯಾಚರಣ ವ್ಯವಸ್ಥೆಯಲ್ಲಿ ಕಟ್ಟಿದ ಕಡತಗುಚ್ಛವನ್ನು ಇನ್ನೊಂದರಲ್ಲಿ ಬಿಚ್ಚುವಾಗ ಬೇರೆ ಲಿಪಿಯ ಹೆಸರುಗಳು ಕೆಡುವುದುಂಟು. ವಿವರಣೆಯ ಜಾಗದಲ್ಲಿ ಮಾತ್ರ ಕನ್ನಡದಲ್ಲೇ ಬರೆದಿದ್ದೇನೆ.

9 ಮಿಲಿಸೆಕೆಂಡಿನ ಪ್ರಶ್ನೆ

ಕಿಟ್‌ನ ಮೊದಲ ಕರಡನ್ನು ಹಂಚಿಕೊಂಡ ಮೇಲೆ ಮೈಸೂರಿನ ಗೆಳೆಯರೊಬ್ಬರು ಬರೆದರು: ಮೂರನೆಯ ದುಡಿಯ ಅದುಮಿದ ಪೆಟ್ಟು ತಾಳಕ್ಕಿಂತ ಹಿಂದೆ ಬೀಳುತ್ತಿದೆ. ಯಾವ ಕಡತ, ಹೈಡ್ರೋಜನ್‌ನ ಯಾವ ಆವೃತ್ತಿ, ಯಾವ ವೇಗ ಎಂಬುದನ್ನೆಲ್ಲ ಹೇಳಿ, ಆ ತೊಡಕು ಮಾತ್ರ ಕೇಳುವಂಥ ನಾಲ್ಕು ಪೆಟ್ಟಿನ ಪುಟ್ಟ ಹಾಡಿನ ಕಡತವನ್ನೂ ಕಳಿಸಿದ್ದರು. ದೋಷ ವರದಿ ಮಾಡುವುದು ಹೀಗೆ. ತಂತ್ರಾಂಶದ ಒಂದು ಸಾಲನ್ನೂ ಬರೆಯಲು ಬಾರದವರು ಮುಕ್ತ ಯೋಜನೆಗೆ ಕೊಡಬಹುದಾದ ದೊಡ್ಡ ಸಹಾಯ ಇದಕ್ಕಿಂತ ಬೇರೆ ಇಲ್ಲ.

ಅಲೆಯನ್ನು ಹಿಗ್ಗಿಸಿ ನೋಡಿದೆ. ಪೆಟ್ಟಿನ ಕಡಿದಾದ ಏರಿಗೆ ಮುಂಚೆ, ಸುಮಾರು 9 ಮಿಲಿಸೆಕೆಂಡು, ಬಹಳ ಸಣ್ಣ ನಡುಕವೊಂದು ಕಾಣುತ್ತಿತ್ತು. ಕೋಲು ಬೀಳುವ ಮೊದಲು ಬೆರಳು ಚರ್ಮವನ್ನು ಸವರಿ ಅದುಮುವ ಸದ್ದು ಅದು. ಕತ್ತರಿಸಿ ಬಿಸಾಡಿದರೆ ತಾಳ ಸರಿಹೋಗುತ್ತದೆ. ಆದರೆ ಕತ್ತರಿಸಿದ್ದನ್ನು ನುಡಿಸಿ ಕೇಳಿದಾಗ ಪೆಟ್ಟು ಬರಿಯ ಟಕ್ ಎಂದಿತು, ಕೈಯೊಂದು ಅದರ ಹಿಂದೆ ಇದೆ ಎಂಬ ಭಾವವೇ ಹೋಗಿತ್ತು. ಅಜ್ಜನಿಗೆ ಎರಡನ್ನೂ ಕೇಳಿಸಿದೆ. ಯಾವುದು ಯಾವುದೆಂದು ನಾನು ಹೇಳುವ ಮೊದಲೇ ಸವರುವ ಸದ್ದು ಇರುವುದನ್ನೇ ಅವರು ಆರಿಸಿದರು.

ಪರಿಹಾರ ಎಸ್‌ಎಫ್‌ಜೆಡ್‌ನಲ್ಲೇ ಇತ್ತು. ಆಫ್‌ಸೆಟ್ ಎಂಬ ಆದೇಶ ಕಡತದ ಆರಂಭದಿಂದ ಇಷ್ಟು ಸ್ಯಾಂಪಲ್ ಬಿಟ್ಟು ನುಡಿಸು ಎಂದು ಹೇಳುತ್ತದೆ. ಮಿಲಿಸೆಕೆಂಡಿಗೆ 48 ಸ್ಯಾಂಪಲ್, 9 ಮಿಲಿಸೆಕೆಂಡಿಗೆ 432. ಮೂಲ ಕಡತ ಹಾಗೆಯೇ ಉಳಿಯಿತು. ಬಿಗಿಯಾದ ತಾಳ ಬೇಕಾದವರಿಗೆ ಆಫ್‌ಸೆಟ್ 432 ಇರುವ ಆವೃತ್ತಿ, ಇಲ್ಲದವರಿಗೆ ಪೂರ್ತಿ ಪೆಟ್ಟು. ಹೈಡ್ರೋಜನ್‌ನಲ್ಲಿ ಪ್ರತಿ ಸ್ವರವನ್ನೂ ತಾಳಕ್ಕಿಂತ ತುಸು ಮುಂದೆ ಅಥವಾ ಹಿಂದೆ ಸರಿಸುವ ಲೀಡ್-ಲ್ಯಾಗ್ ಸೌಲಭ್ಯವಿದೆ, ಅಲ್ಲಿ ಅದನ್ನೇ ಬಳಸಿಕೊಳ್ಳಬಹುದು.

ನಾಲ್ವರ ದುಡಿಗಳು ಒಟ್ಟಿಗೆ ನುಡಿದಾಗಲೂ ಇದೇ ವಿಚಾರ. ಮನೆಯವರಿಗಾಗಿ ಮುದ್ರಿಸಿದ ಪಾಟ್‌ನಲ್ಲಿ ಅಳೆದು ನೋಡಿದರೆ ನಾಲ್ಕು ಕೋಲುಗಳು ಒಂದೇ ಗಳಿಗೆಯಲ್ಲಿ ಬೀಳುವುದಿಲ್ಲ, ಕೆಲವು ಕಡೆ 20 ಮಿಲಿಸೆಕೆಂಡಿನವರೆಗೂ ಹರಡಿಕೊಂಡಿರುತ್ತವೆ. ಆ ಹರವೇ ನಾಲ್ವರು ಇದ್ದಾರೆ ಎಂದು ತಿಳಿಸುವುದು. ನಾಲ್ಕನ್ನೂ ಗೆರೆಗೆ ಕೂರಿಸಿದರೆ ಒಂದು ದಪ್ಪ ದುಡಿ ಕೇಳುತ್ತದೆ, ನಾಲ್ಕಲ್ಲ. ಕಿಟ್‌ನ ಜೊತೆ ಕೊಟ್ಟಿರುವ ಮಾದರಿ ನಡೆಗಳಲ್ಲಿ ಈ ಕಾರಣಕ್ಕಾಗಿಯೇ ಪ್ರತಿ ದುಡಿಯನ್ನೂ ಸ್ವಲ್ಪ ಸರಿಸಿ ಇಟ್ಟಿದ್ದೇನೆ.

ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಕೂಡಿ ನುಡಿಸುವುದು

48 ಕಿಲೋಹರ್ಟ್ಸ್, 24 ಬಿಟ್‌ನ ಒಂದು ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ ತಿನ್ನುತ್ತದೆ. ಐದು ನಿಮಿಷದ ಆರು ಟ್ರ್ಯಾಕ್ ಎಂದರೆ 259 ಎಂಬಿ. ಗುಣಮಟ್ಟ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ರೂಪಕ್ಕೆ ಹಾಕಿದರೂ, ತೋಟದ ಏರಿನ ಮೇಲೆ ನಿಂತು ಹುಡುಕಬೇಕಾದ ಮೊಬೈಲ್ ಸಿಗ್ನಲ್‌ನಲ್ಲಿ ಪ್ರತಿ ತಿದ್ದುಪಡಿಗೂ ಅಷ್ಟನ್ನು ಕಳಿಸಲು ಆಗುವುದಿಲ್ಲ.

ಡ್ರಮ್‌ಕಿಟ್‌ನ ನಿಜವಾದ ಬಲ ನನಗೆ ತಿಳಿದದ್ದು ಇಲ್ಲಿ. ಫ್ಲ್ಯಾಕ್ ರೂಪದಲ್ಲಿ ಇಡೀ ಕಿಟ್ ಕೆಲವೇ ಎಂಬಿ. ಎಲ್ಲರೂ ಅದನ್ನು ಒಮ್ಮೆ ಇಳಿಸಿಕೊಂಡರೆ ಮುಗಿಯಿತು. ಆಮೇಲೆ ಓಡಾಡುವುದು ಹೈಡ್ರೋಜನ್‌ನ ಹಾಡಿನ ಕಡತ ಮಾತ್ರ. ಅದು ಎಲ್ಲಿ ಯಾವ ಪೆಟ್ಟು ಎಂದು ಬರೆದಿಟ್ಟ ಎಕ್ಸ್‌ಎಮ್‌ಎಲ್ ಪಠ್ಯ, ತೂಕ ಕಿಲೋಬೈಟ್‌ಗಳಲ್ಲಿ. ಪಠ್ಯವಾದ್ದರಿಂದ, ಬದಲಾವಣೆಗಳ ಲೆಕ್ಕ ಇಡುವ ಗಿಟ್ ತಂತ್ರಾಂಶದಲ್ಲಿ ಇಟ್ಟರೆ ಯಾರು ಯಾವ ಪೆಟ್ಟನ್ನು ಬದಲಿಸಿದರು ಎಂಬುದೂ ಸಾಲು ಸಾಲಾಗಿ ಕಾಣುತ್ತದೆ. ಮೈಸೂರಿನವರು ಗಿಟಾರ್ ಸೇರಿಸಿ, ಅದನ್ನೊಂದನ್ನು ಮಾತ್ರ ಬಹಳ ಕುಗ್ಗಿಸುವ ಓಪಸ್ ರೂಪದ ಸಣ್ಣ ಕಡತವಾಗಿ ನನಗೆ ಕಳಿಸುತ್ತಾರೆ. ಕೊನೆಯ ಮಿಶ್ರಣದ ಹೊತ್ತಿಗೆ ಪೂರ್ಣ ಗುಣಮಟ್ಟದ್ದು ಪೆನ್‌ಡ್ರೈವ್‌ನಲ್ಲಿ ಕುಶಾಲನಗರದ ಬಸ್ಸಿನಲ್ಲಿ ಬರುತ್ತದೆ.

ನೇರವಾಗಿ ಕೂಡಿ ನುಡಿಸುವುದನ್ನೂ ಜ್ಯಾಮುಲಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಮಾಡಿ ನೋಡಿದೆವು. ಅದು ಧ್ವನಿಯನ್ನು ಓಪಸ್‌ಗೆ ಕುಗ್ಗಿಸಿ ಸಣ್ಣ ಸಣ್ಣ ತುಣುಕುಗಳಾಗಿ ಸರ್ವರ್‌ಗೆ ಕಳಿಸುತ್ತದೆ, ಸರ್ವರ್ ಎಲ್ಲರದನ್ನೂ ಬೆರೆಸಿ ಹಿಂದಿರುಗಿಸುತ್ತದೆ. ಒಟ್ಟು ತಡ 25-30 ಮಿಲಿಸೆಕೆಂಡು ದಾಟಿದರೆ ತಾಳ ಹಿಂದಕ್ಕೆ ಎಳೆಯತೊಡಗುತ್ತದೆ. ಹತ್ತು ಮೀಟರ್ ದೂರ ನಿಂತು ನುಡಿಸಿದರೂ ಗಾಳಿಯಲ್ಲಿ ಸದ್ದು ತಲುಪಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಮಡಿಕೇರಿಯಿಂದ ಮೈಸೂರಿಗೆ ಫೈಬರ್‌ನಲ್ಲಿ ಬೆಳಕು ಓಡಲು ಒಂದು ಮಿಲಿಸೆಕೆಂಡೇ ಸಾಕು, ಹಾಗಾಗಿ ದೂರ ಇಲ್ಲಿ ಅಡ್ಡಿಯಲ್ಲ. ಅಡ್ಡಿ ಇರುವುದು ತುಣುಕುಗಳು ಒಂದೇ ಲಯದಲ್ಲಿ ಬಾರದಿರುವುದರಲ್ಲಿ. ಮೊಬೈಲ್ ಡೇಟಾದಲ್ಲಿ ಧ್ವನಿ ಹರಿದು ಚಿಂದಿಯಾಯಿತು. ಮಡಿಕೇರಿಯ ಗೆಳತಿಯ ಮನೆಯ ಫೈಬರ್‌ಗೆ ವೈಫೈ ಬಿಟ್ಟು ತಂತಿಯಿಂದಲೇ ಜೋಡಿಸಿ, ಬಫರ್ ಅನ್ನು 128ಕ್ಕೆ ಇಳಿಸಿ, ಸರ್ವರ್ ಅನ್ನು ಮೈಸೂರಿನಲ್ಲೇ ನಡೆಸಿದಾಗ ದುಡಿಯೂ ಗಿಟಾರೂ ಒಂದೇ ನಡೆಯಲ್ಲಿ ಸಾಗಿದವು. ಜ್ಯಾಮುಲಸ್ ಪ್ರಯತ್ನಿಸುವವರು ಸ್ಪೀಕರ್ ಬಿಟ್ಟು ಹೆಡ್‌ಫೋನ್ ಹಾಕಿಕೊಳ್ಳಬೇಕು, ಸರ್ವರ್ ಎಲ್ಲರಿಗೂ ಹತ್ತಿರವಿರುವಂತೆ ನೋಡಿಕೊಳ್ಳಬೇಕು.

ಮುಂದಿನದು ಕೊಂಬು, ಬಾಗಿದ ಊದುವಾದ್ಯ. ಅದರ ಕೆಲಸ ಬೇರೆಯೇ. ಪೆಟ್ಟು ಎದ್ದು ಆರುತ್ತದೆ, ಊದಿದ ಸ್ವರ ನಿಲ್ಲುತ್ತದೆ. ಹಿಡಿದಷ್ಟು ಹೊತ್ತೂ ಸ್ವರ ಮುಂದುವರಿಯಲು ಕಡತದ ನಡುವೆ ಲೂಪ್‌ನ ಆರಂಭ, ಅಂತ್ಯಗಳನ್ನು ಗುರುತಿಸಬೇಕು, ಅದಕ್ಕೆ ಎಸ್‌ಎಫ್‌ಜೆಡ್ ಸರಿಯಾದ ದಾರಿ. ಗೋದಾಮಿನ ಆ ಮೂಲೆ ಕೊಂಬಿನ ಜೋರಿಗೆ ಚಿಕ್ಕದಾಯಿತು, ಬಯಲಿನಲ್ಲೇ ಮುದ್ರಿಸಬೇಕಾಗಬಹುದು. ಊದುವವರ ಹತ್ತಿರ ಪರವಾನಗಿಯ ಮಾತು ಶುರುವಾಗಿದೆ. ಕೊಂಬಿನ ಯಾವ ನುಡಿಕೆ ದೇವರ ಕಾರ್ಯಕ್ಕೆ ಮೀಸಲು, ಯಾವುದು ಎಲ್ಲರಿಗೂ ಕೊಡಬಹುದಾದದ್ದು ಎಂದು ಅವರೇ ಪಟ್ಟಿ ಮಾಡಿಕೊಡುತ್ತೇನೆ ಎಂದಿದ್ದಾರೆ. ಆ ಪಟ್ಟಿ ಬಂದ ಮೇಲೆ ಮೈಕ್ ಹೊರತೆಗೆಯುತ್ತೇನೆ.